ಒಬ್ಬರೇ ಮೇಷ್ಟ್ರು, ಎರಡು ಸಾಕ್ಷಿ: ಗ್ರೆಶಮ್ಸ್ ವಸತಿ ಶಾಲೆಯ ಸಂಗೀತ ವಿಭಾಗದ ಒಂದು ಪ್ರಕರಣ

ವಾಲ್ಟರ್ ಗ್ರೇಟರೆಕ್ಸ್ ಎಂಬ ಸಂಗೀತದ ಮೇಷ್ಟ್ರ ಬಗ್ಗೆ ಅವರ ಇಬ್ಬರು ವಿದ್ಯಾರ್ಥಿಗಳು ಹೇಳಿದ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊದಲನೆಯವನು ಕವಿ ಡಬ್ಲ್ಯೂ. ಎಚ್. ಆಡೆನ್. ಶಾಲೆಯಲ್ಲಿ ತನಗೆ ನಿರಾಳ ಅನ್ನಿಸಿದ ಮೊದಲ ಮೇಷ್ಟ್ರು ಇವರೇ ಎಂದು ಅವನು 1934ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಬರೆದ. ಮುಂದೆ ಹೆಸರಾಂತ ವಾದಕ ಆಲ್ಬರ್ಟ್ ಶ್ವೈಟ್ಜರ್ ಆರ್ಗನ್ ಮೇಲೆ ಜರ್ಮನ್ ರಚನಕಾರ ಬಾಖ್ ಕೃತಿ ನುಡಿಸುವುದನ್ನು ಕೇಳಿದಾಗಲೂ, ನಮ್ಮ ಮೇಷ್ಟ್ರಿಗಿಂತ ಹೆಚ್ಚೇನೂ ಅಲ್ಲ ಅನ್ನಿಸಿತಂತೆ. ಎರಡನೆಯವನು ಬೆಂಜಮಿನ್ ಬ್ರಿಟ್ಟನ್. ಇಪ್ಪತ್ತನೇ ಶತಮಾನದ ಇಂಗ್ಲೆಂಡ್ ಕಂಡ ದೊಡ್ಡ ಸಂಗೀತ ರಚನಕಾರರಲ್ಲಿ ಒಬ್ಬ. ಅವನು ಶಾಲಾ ದಿನಗಳ ಡೈರಿಯಲ್ಲಿ ಇದೇ ಮೇಷ್ಟ್ರ ಪಿಯಾನೊ ವಾದನವನ್ನೂ ಪಾಠವನ್ನೂ ಕಟುವಾಗಿ ತೆಗಳಿದ್ದಾನೆ.

ಅದೇ ಶಾಲೆ, ಅದೇ ಪ್ರಾರ್ಥನಾ ಮಂದಿರ, ಅದೇ ಮೇಷ್ಟ್ರು. ಆಡೆನ್ ಶಾಲೆ ಬಿಟ್ಟದ್ದು 1925ರಲ್ಲಿ. ಬ್ರಿಟ್ಟನ್ ಸೇರಿದ್ದು 1928ರಲ್ಲಿ. ಮೂರು ವರ್ಷದಲ್ಲಿ ಮನುಷ್ಯ ಅಷ್ಟೊಂದು ಬದಲಾಗುವುದಿಲ್ಲ, ಅಲ್ವಾ? ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಹುಡುಗರ ವಸತಿ ಶಾಲೆಯಲ್ಲಿ ಸಂಗೀತ ವಿಭಾಗ ನಡೆಸುವವರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ. ಸಂಗೀತ ಚೆನ್ನಾಗಿ ಬಲ್ಲವರು ಸಂಗೀತ ಶಿಕ್ಷಣವನ್ನೂ ಚೆನ್ನಾಗಿ ನಡೆಸುತ್ತಾರೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಗ್ರೇಟರೆಕ್ಸ್ ಸಂಗೀತ ಚೆನ್ನಾಗಿಯೇ ಬಲ್ಲವರು. ಆದರೂ ಅವರ ಕೈಗೆ ಸಿಕ್ಕ ಅತಿ ದೊಡ್ಡ ಪ್ರತಿಭೆಗೆ ಅವರಿಂದ ಆದ ಉಪಕಾರ ಕಡಿಮೆ.

ಶಾಲೆ ಮತ್ತು ಮೇಷ್ಟ್ರು

ಗ್ರೆಶಮ್ಸ್ ಶಾಲೆ ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಗೆ ಹತ್ತಿರದ ನಾರ್ಫೋಕ್ ಸೀಮೆಯ ಹೋಲ್ಟ್ ಎಂಬ ಸಣ್ಣ ಊರಿನಲ್ಲಿ. ಸರ್ ಜಾನ್ ಗ್ರೆಶಮ್ 1555ರಲ್ಲಿ ಕಟ್ಟಿಸಿದ ಶಾಲೆ. ಇಂಥವನ್ನು ಅಲ್ಲಿ ಪಬ್ಲಿಕ್ ಸ್ಕೂಲ್ ಅನ್ನುತ್ತಾರೆ. ಹೆಸರು ಹಾಗಿದ್ದರೂ ಇವು ಫೀಸು ಕಟ್ಟಿ ಓದುವ ಖಾಸಗಿ ಶಾಲೆಗಳು. 1900ರಲ್ಲಿ ಜಾರ್ಜ್ ಹೌಸನ್ ಮುಖ್ಯೋಪಾಧ್ಯಾಯರಾಗಿ ಬಂದ ಮೇಲೆ ಈ ಹಳೆಯ ಸಣ್ಣ ಶಾಲೆ ದೊಡ್ಡ ವಸತಿ ಶಾಲೆಯಾಗಿ ಬೆಳೆಯಿತು. ಅವರ ನಂತರ 1919ರಲ್ಲಿ ಜೆ. ಆರ್. ಎಕ್ಲ್ಸ್ ಬಂದರು. ಲ್ಯಾಟಿನ್-ಗ್ರೀಕ್‌ಗಳೇ ಮೆರೆಯುತ್ತಿದ್ದ ಕಾಲದಲ್ಲಿ ಇಲ್ಲಿ ವಿಜ್ಞಾನಕ್ಕೆ ಜಾಸ್ತಿ ಜಾಗ ಇತ್ತು. ಬೇರೆ ಶಾಲೆಗಳಿಗೆ ಹೋಲಿಸಿದರೆ ಬೆತ್ತದ ಕಾಟವೂ ಕಡಿಮೆ. ಅದರ ಬದಲು 'ಮಾನದ ಪದ್ಧತಿ' ಎಂಬುದೊಂದಿತ್ತು. ಕೆಟ್ಟ ಮಾತಾಡುವುದಿಲ್ಲ, ಸಿಗರೇಟು ಸೇದುವುದಿಲ್ಲ, ಅಸಭ್ಯವಾಗಿ ನಡೆದುಕೊಳ್ಳುವುದಿಲ್ಲ ಎಂದು ಹುಡುಗ ಮಾತು ಕೊಡಬೇಕು. ತಾನು ತಪ್ಪಿದರೆ ತಾನೇ ಒಪ್ಪಿಕೊಳ್ಳಬೇಕು. ಗೆಳೆಯ ತಪ್ಪಿದರೆ ಅವನಿಂದ ಒಪ್ಪಿಸಬೇಕು, ಆಗದಿದ್ದರೆ ಮೇಷ್ಟ್ರಿಗೆ ತಿಳಿಸಬೇಕು. ಆಡೆನ್ ಮುಂದೆ ಇದನ್ನು ಫ್ಯಾಸಿಸ್ಟ್ ರಾಜ್ಯದ ಪದ್ಧತಿಗೆ ಹೋಲಿಸಿದ. ಯಾರನ್ನು ನಂಬಬೇಕು ಎಂಬ ಗಾಬರಿಯಲ್ಲೇ ಹುಡುಗರು ಬೆಳೆಯುತ್ತಿದ್ದ ಇಂಥ ಕಡೆ ಸಂಗೀತದ ಕೋಣೆ ಯಾಕೆ ಮುಖ್ಯವಾಗುತ್ತದೆ ಎಂಬುದನ್ನು ಊಹಿಸಬಹುದು.

ಗ್ರೇಟರೆಕ್ಸ್ 1877ರಲ್ಲಿ ಹುಟ್ಟಿದವರು, ಕೇಂಬ್ರಿಡ್ಜ್‌ನಲ್ಲಿ ಓದಿದವರು. 1911ರಲ್ಲಿ ಗ್ರೆಶಮ್ಸ್‌ಗೆ ಬರುವ ಮೊದಲು ಸುಮಾರು ಹತ್ತು ವರ್ಷ ಅಪಿಂಗಮ್ ಶಾಲೆಯಲ್ಲಿ ಸಹಾಯಕ ಸಂಗೀತ ಶಿಕ್ಷಕರಾಗಿದ್ದರು. ಈ ಅಪಿಂಗಮ್ ಸುಮ್ಮನೆ ಬಂದುಹೋಗುವ ಹೆಸರಲ್ಲ. ಅಲ್ಲಿನ ಮುಖ್ಯೋಪಾಧ್ಯಾಯ ಎಡ್ವರ್ಡ್ ಥ್ರಿಂಗ್ 1865ರಲ್ಲಿ ಪಾಲ್ ಡೇವಿಡ್ ಎಂಬ ಜರ್ಮನ್ ವಾದಕರನ್ನು ಕರೆತಂದು ಇಡೀ ಸಂಗೀತದ ಜವಾಬ್ದಾರಿ ಒಪ್ಪಿಸಿದರು. ಇಂಗ್ಲೆಂಡಿನ ಪಬ್ಲಿಕ್ ಸ್ಕೂಲುಗಳಲ್ಲಿ ಸಂಗೀತ ನಿರ್ದೇಶಕ ಎಂಬ ಹುದ್ದೆಗೆ ಬಂದ ಮೊದಲಿಗರು ಇವರೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇವರ ತಂದೆ ಫರ್ಡಿನಾಂಡ್ ಡೇವಿಡ್. ಮೆಂಡೆಲ್‌ಸನ್ನನ ಪ್ರಸಿದ್ಧ ವಯಲಿನ್ ಕಂಚೆರ್ಟೊವನ್ನು (ವಯಲಿನ್ ಮುಂದಾಳಾಗಿ ವಾದ್ಯವೃಂದದ ಜೊತೆ ನುಡಿಸುವ ಕೃತಿ) 1845ರಲ್ಲಿ ಮೊದಲ ಸಲ ನುಡಿಸಿದ ವಾದಕ. ಪಾಲ್ ಡೇವಿಡ್ 1908ರವರೆಗೂ ಅಪಿಂಗಮ್‌ನಲ್ಲೇ ಇದ್ದರು. ಮಹಾ ವಯಲಿನ್ ವಾದಕ ಜೋಸೆಫ್ ಯೋಆಖಿಮ್ ಆ ಹಳ್ಳಿಗಾಡಿನ ಶಾಲೆಗೆ ಮತ್ತೆ ಮತ್ತೆ ಬಂದು ಹುಡುಗರ ಮುಂದೆ ನುಡಿಸಿದ್ದು ಅವರ ಕಾಲದಲ್ಲೇ. ಥ್ರಿಂಗ್‌ಗೆ ಸ್ವತಃ ಸಂಗೀತ ಬರುತ್ತಿರಲಿಲ್ಲ. ಪ್ರತಿಯೊಬ್ಬ ಹುಡುಗನಿಗೂ ಯಾವುದೋ ಒಂದು ಕೆಲಸ ಚೆನ್ನಾಗಿ ಬರುತ್ತದೆ, ಅದನ್ನು ಹುಡುಕಿ ಕೊಡುವುದು ಶಾಲೆಯ ಹೊಣೆ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಅಂದರೆ ಗ್ರೇಟರೆಕ್ಸ್ ಬಂದದ್ದು ಒಳ್ಳೆಯ ಸಂಗೀತ ಪರಂಪರೆಯಿಂದಲೇ. ಗ್ರೆಶಮ್ಸ್‌ನಲ್ಲಿ ಅವರು 1916ರಲ್ಲಿ ಕಟ್ಟಿದ 'ವುಡ್‌ಲ್ಯಾಂಡ್ಸ್' ಎಂಬ ಸ್ತೋತ್ರದ ಮಟ್ಟು ಇಂದಿಗೂ ಇಂಗ್ಲಿಷ್ ಚರ್ಚುಗಳಲ್ಲಿ ಹಾಡಿಕೆಯಲ್ಲಿದೆ. ಅದಕ್ಕಿಟ್ಟದ್ದು ಶಾಲೆಯ ಒಂದು ಹಾಸ್ಟೆಲ್ ಮನೆಯ ಹೆಸರು. ಕೈಲಾಗದ ಮೇಷ್ಟ್ರು ಎಂದು ಅವರನ್ನು ತಳ್ಳಿಹಾಕಿದರೆ ಈ ಪ್ರಕರಣದಿಂದ ನಮಗೆ ಕಲಿಯಲು ಏನೂ ಉಳಿಯುವುದಿಲ್ಲ.

ಹುಡುಗ ಹೊತ್ತು ತಂದದ್ದು

ಬ್ರಿಟ್ಟನ್ ಹುಟ್ಟಿದ್ದು 1913ರ ನವೆಂಬರ್ 22ರಂದು, ಸಫೋಕ್‌ನ ಲೋಸ್ಟಾಫ್ಟ್ ಎಂಬ ಕಡಲೂರಿನಲ್ಲಿ. ಅಪ್ಪ ದಂತವೈದ್ಯರು. ಅಮ್ಮ ಹಾಡುತ್ತಿದ್ದರು, ಊರಿನ ಗಾಯನ ಸಂಘದ ಕಾರ್ಯದರ್ಶಿಯಾಗಿದ್ದರು. ಹುಡುಗ ಪಿಯಾನೊ ಕಲಿತ, ಆಮೇಲೆ ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲ ಕಲಿತ. 1924ರಲ್ಲಿ ನಾರ್ವಿಚ್ ಉತ್ಸವದಲ್ಲಿ ಸಂಗೀತ ರಚನಕಾರ ಫ್ರಾಂಕ್ ಬ್ರಿಜ್ ಅವರ ಸಮುದ್ರದ ಮೇಲಿನ ವಾದ್ಯವೃಂದ ಕೃತಿ ಕೇಳಿ ದಂಗಾಗಿ ಹೋದ. ಅವನ ವಿಯೋಲ ಮೇಡಂಗೆ ಬ್ರಿಜ್ ಪರಿಚಯ ಇತ್ತು. 1927ರಲ್ಲಿ ಅವರೇ ಹುಡುಗನನ್ನು ಕರೆದೊಯ್ದು ತೋರಿಸಿದರು. ಬ್ರಿಜ್ ಶಿಷ್ಯರನ್ನು ತೆಗೆದುಕೊಳ್ಳುವವರೇ ಅಲ್ಲ. ಇವನನ್ನು ತೆಗೆದುಕೊಂಡರು.

ಆ ಪಾಠ ಹೇಗಿರುತ್ತಿತ್ತು ಎಂದು ಬ್ರಿಟ್ಟನ್ ದೊಡ್ಡವನಾದ ಮೇಲೆ ಬರೆದಿದ್ದಾನೆ. ಬೆಳಿಗ್ಗೆ ಹತ್ತೂವರೆಗೆ ಕೂತರೆ ಸಂಜೆ ಟೀ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಪಾಪ, ಹುಡುಗನಿಗೆ ಸ್ವಲ್ಪ ಬಿಡುವು ಕೊಡಿ ಎಂದು ಬ್ರಿಜ್ ಅವರ ಹೆಂಡತಿಯೇ ಒಳಗೆ ಬಂದು ಹೇಳಬೇಕಾಗುತ್ತಿತ್ತು. ಹುಡುಗ ಬರೆದು ತಂದ ಒಂದೊಂದು ಸಾಲನ್ನೂ ಬ್ರಿಜ್ ಪಿಯಾನೊ ಮೇಲೆ ನಿಧಾನವಾಗಿ ನುಡಿಸುತ್ತಿದ್ದರು. ಈಗ ಕೇಳು, ನಿನ್ನ ತಲೆಯಲ್ಲಿ ಇದ್ದದ್ದು ಇದೇನಾ? ಅಲ್ಲ ಅಂದರೆ, ಮತ್ತೆ ಇಲ್ಲಿ ಯಾಕೆ ಹೀಗೆ ಬರೆದೆ? ಹುಡುಗ ಎಷ್ಟೋ ಸಲ ಕಣ್ಣೀರು ಹಾಕಿದ್ದುಂಟು. ಆದರೆ ಬ್ರಿಜ್ ತಮ್ಮ ರುಚಿಯನ್ನು ಅವನ ಮೇಲೆ ಹೇರಲಿಲ್ಲ. ಅವರು ಕೇಳುತ್ತಿದ್ದುದು ಎರಡೇ. ನಿನ್ನದು ಏನು ಎಂದು ಹುಡುಕಿಕೋ, ಅದಕ್ಕೆ ನಿಷ್ಠನಾಗಿರು. ಹುಡುಕಿದ್ದನ್ನು ಸರಿಯಾಗಿ ಬರೆಯುವ ಕಸುಬು ಕಲಿ.

1928ರ ಬೇಸಿಗೆಯಲ್ಲಿ, ಹದಿನಾಲ್ಕರ ಈ ಹುಡುಗ, ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆಂದು ಹ್ಯೂಗೊ ಮತ್ತು ವರ್ಲೇನ್ ಅವರ ನಾಲ್ಕು ಫ್ರೆಂಚ್ ಕವಿತೆಗಳಿಗೆ ಸಂಗೀತ ಬರೆದ. ಬರೀ ಪಿಯಾನೊಗಲ್ಲ, ಗಾಯಕಿ ಮತ್ತು ಪೂರ್ಣ ವಾದ್ಯವೃಂದಕ್ಕೆ. ಅದರ ಬೆನ್ನಿಗೇ, ಆ ಸೆಪ್ಟೆಂಬರ್‌ನಲ್ಲಿ, ವರ್ಷಕ್ಕೆ 30 ಪೌಂಡಿನ ಸಂಗೀತ ವಿದ್ಯಾರ್ಥಿವೇತನ ಪಡೆದು ಗ್ರೆಶಮ್ಸ್ ಹಾಸ್ಟೆಲ್ ಸೇರಿದ. ಅಲ್ಲಿಯವರೆಗೆ ಮನೆಯಿಂದ ಶಾಲೆಗೆ ಹೋಗಿ ಬರುತ್ತಿದ್ದವನು. ಮನೆ ಬಿಟ್ಟಿದ್ದು ಅದೇ ಮೊದಲು.

ಹೊಸ ಹುಡುಗನನ್ನು ಗ್ರೇಟರೆಕ್ಸ್ ಸ್ವಾಗತಿಸಿದ ಮಾತು ಈಗ ಪ್ರಸಿದ್ಧ. "ಓ, ಸ್ಟ್ರಾವಿನ್‌ಸ್ಕಿ ಅಂದ್ರೆ ಇಷ್ಟ ಅನ್ನೋ ಪುಟ್ಟ ಹುಡುಗ ನೀನೇನಾ?" ಸ್ಟ್ರಾವಿನ್‌ಸ್ಕಿ ಎಂದರೆ ಆಗ ಹೊಸ ಬಗೆಯ ಸಂಗೀತಕ್ಕೆ ಹೆಸರಾದ ರಷ್ಯನ್ ರಚನಕಾರ.

ಈ ಒಂದು ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಹುಡುಗನ ಬಗ್ಗೆ ಮೇಷ್ಟ್ರಿಗೆ ಮೊದಲೇ ಸುದ್ದಿ ಇತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ಸುದ್ದಿ ಇರುವುದು ಒಳ್ಳೆಯದೇ. ಆದರೆ ಅವರ ಕಿವಿಗೆ ಬಿದ್ದದ್ದು ಹುಡುಗ ಏನು ಬರೆದಿದ್ದಾನೆ ಎಂಬುದಲ್ಲ, ಅವನಿಗೆ ಯಾರ ಹುಚ್ಚು ಎಂಬುದು. ಆ ಕಾಲದ ಇಂಗ್ಲೆಂಡಿನ ಶಾಲಾ ಸಂಗೀತಗಾರರಲ್ಲಿ ಹೆಚ್ಚಿನವರಿಗೆ ಸ್ಟ್ರಾವಿನ್‌ಸ್ಕಿ ಅಂದರೆ ಗದ್ದಲ. ಹಾಗಾಗಿ ಮೊದಲ ದಿನವೇ ಹುಡುಗನ ಹಣೆಗೆ ಒಂದು ಚೀಟಿ ಅಂಟಿತು. ಹೇಳಿದವರು ಬಹುಶಃ ಸಂಜೆಗೇ ಮರೆತರು. ಮನೆ ಬಿಟ್ಟು ಬಂದ, ರಾತ್ರಿ ಊರು ನೆನೆದು ಅಳುವ ಹದಿನಾಲ್ಕರ ಹುಡುಗನ ಪಾಲಿಗೆ ಅದು ತೀರ್ಪು. ಮುಂದಿನ ಎರಡು ವರ್ಷ ಅವನು ಈ ಮೇಷ್ಟ್ರ ಬಗ್ಗೆ ಮನಸ್ಸು ಸಡಿಲಿಸಿದ್ದು ಕಡಿಮೆ.

ಆಡೆನ್‌ಗೆ ಸಿಕ್ಕಿದ್ದು ಬ್ರಿಟ್ಟನ್‌ಗೆ ಯಾಕೆ ಸಿಗಲಿಲ್ಲ

ಆಡೆನ್‌ಗೆ ಸಂಗೀತ ವೃತ್ತಿಯಾಗಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ತನ್ನನ್ನು ದೊಡ್ಡವನಂತೆ ಕಾಣುವ ಒಬ್ಬ ಹಿರಿಯ ಮತ್ತು ಒಳ್ಳೆಯ ಸಂಗೀತದ ಸಹವಾಸ. ಗ್ರೇಟರೆಕ್ಸ್ ಎರಡನ್ನೂ ಕೊಟ್ಟರು. ಬಾಖ್ ಅವರ ರಕ್ತದಲ್ಲೇ ಇದ್ದ. ಆರ್ಗನ್ ಮುಂದೆ ಕೂತರೆ ಕೇಳುವವರು ಮೈಮರೆಯುವಂತೆ ನುಡಿಸುತ್ತಿದ್ದರು. ಮುಂದೆ ಆಡೆನ್ ಬಾಳಿನುದ್ದಕ್ಕೂ ಸಂಗೀತವನ್ನು ಬಿಡಲಿಲ್ಲ, ಒಪೆರಾಗಳಿಗೆ ಸಾಹಿತ್ಯ ಬರೆದ. ಅದರ ಬೀಜ ಎಲ್ಲಿ ಬಿತ್ತು ಎಂದು ಅವನೇ ಹೇಳಿದ್ದಾನೆ.

ಬ್ರಿಟ್ಟನ್‌ಗೆ ಬೇಕಿದ್ದದ್ದು ಬೇರೆ. ಬರೆದದ್ದನ್ನು ಸಾಲು ಸಾಲಾಗಿ ನೋಡಿ ತಿದ್ದುವ ಕಣ್ಣು. ಅದು ಅವನಿಗೆ ಲಂಡನ್ನಿನಲ್ಲಿ ಬ್ರಿಜ್ ಹತ್ತಿರ ಇತ್ತು, ಆದರೆ ರಜೆಯಲ್ಲಿ ಮಾತ್ರ. ವಸತಿ ಶಾಲೆಯ ಎಡವಟ್ಟು ಇರುವುದು ಇಲ್ಲೇ. ಮನೆಯಿಂದ ಹೋಗಿಬರುವ ಹುಡುಗನಿಗೆ ಶಾಲೆಯ ಮೇಷ್ಟ್ರು ಹಿಡಿಸದಿದ್ದರೆ ಸಂಜೆ ಇನ್ನೊಬ್ಬರ ಮನೆಗೆ ಹೋಗಿ ಕಲಿಯಬಹುದು. ಹಾಸ್ಟೆಲ್ ಹುಡುಗನಿಗೆ ಆ ದಾರಿ ಇಲ್ಲ. ಟರ್ಮ್ ಶುರುವಾದ ದಿನದಿಂದ ಮುಗಿಯುವ ದಿನದವರೆಗೆ ಅವನ ಸಂಗೀತದ ಲೋಕವೆಲ್ಲ ಒಬ್ಬ ಮುಖ್ಯಸ್ಥನ ಕೈಯಲ್ಲಿ. ಯಾವ ಪಿಯಾನೊ, ಯಾವ ಹೊತ್ತು, ಯಾರ ಜೊತೆ, ಯಾವ ಸಂಗೀತ ಕಚೇರಿ, ಎಲ್ಲವೂ. ಹಾಗಾಗಿ ವಸತಿ ಶಾಲೆಯ ಸಂಗೀತ ಮುಖ್ಯಸ್ಥನ ಹೊಣೆ ಬೇರೆ ಶಾಲೆಯವರಿಗಿಂತ ದೊಡ್ಡದು. ತನಗೆ ಬಾರದ್ದನ್ನೂ ಹುಡುಗನಿಗೆ ಸಿಗುವಂತೆ ಮಾಡುವುದು ಅವನ ಕೆಲಸವೇ.

ಇನ್ನೊಂದು ವಿಷಯವನ್ನು ನಾವು ಮರೆಯಬಾರದು. 1928ರಲ್ಲಿ ಸಂಗೀತ ಎಂಬುದು ಇಂಥ ಶಾಲೆಗಳ ಟೈಮ್‌ಟೇಬಲ್‌ನಲ್ಲಿ ಅಂಚಿನಲ್ಲಿತ್ತು. ಪ್ರಾರ್ಥನಾ ಮಂದಿರದ ಹಾಡು, ವರ್ಷದ ಕಚೇರಿಗಳು, ಫೀಸು ಕೊಟ್ಟವರಿಗೆ ವಾದ್ಯ ಪಾಠ. ಇಷ್ಟೇ. ಸಂಗೀತವನ್ನು ಕೇಳಿ ತಿಳಿಯುವುದನ್ನೂ ಪಾಠವಾಗಿ ಕಲಿಸಬೇಕು ಎಂಬ ಚಳವಳಿ ಆಗಷ್ಟೇ ಬಲಿಯುತ್ತಿತ್ತು. ಬಿಬಿಸಿ 1924ರಲ್ಲಿ ಶಾಲೆಗಳಿಗೆಂದು ರೇಡಿಯೊ ಪಾಠ ಶುರು ಮಾಡಿದಾಗ ಮೈಕಿನ ಮುಂದೆ ಮೊದಲು ಕೂತವರು ಸಂಗೀತಗಾರ ವಾಲ್‌ಫರ್ಡ್ ಡೇವಿಸ್. ಗ್ರಾಮಫೋನ್ ತರಗತಿಗೆ ಬರುತ್ತಿತ್ತು. ಆದರೆ ಹುಡುಗರಿಗೆ ಸಂಗೀತ ರಚನೆ ಕಲಿಸುವುದು ಯಾವ ಸಿಲಬಸ್‌ನಲ್ಲೂ ಕಡ್ಡಾಯವಿರಲಿಲ್ಲ. ಹುಡುಗ ಏನನ್ನಾದರೂ ಬರೆದು ತಂದರೆ ಅದನ್ನು ಓದುವ ಜವಾಬ್ದಾರಿ ಯಾರಿಗೂ ಇರಲಿಲ್ಲ. ಮೇಷ್ಟ್ರಿಗೆ ಮನಸ್ಸಿದ್ದರೆ ಓದಬಹುದು, ಇಲ್ಲದಿದ್ದರೆ ಇಲ್ಲ.

ಇಂಥ ವ್ಯವಸ್ಥೆಯಲ್ಲಿ ಎಲ್ಲವೂ ಒಬ್ಬರ ರುಚಿಯ ಮೇಲೆ ನಿಂತಿರುತ್ತದೆ. ಆ ರುಚಿ ಆಡೆನ್‌ಗೆ ಒಗ್ಗಿತು, ಬ್ರಿಟ್ಟನ್‌ಗೆ ಒಗ್ಗಲಿಲ್ಲ. ಇಬ್ಬರ ಸಾಕ್ಷಿಯೂ ನಿಜ ಎಂದೇ ನಾನು ತಿಳಿಯುತ್ತೇನೆ.

ಶಾಲೆ ಕೊಟ್ಟದ್ದೂ ಇದೆ

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಗ್ರೇಟರೆಕ್ಸ್ ಈ ಹುಡುಗನ ಬಾಯಿ ಮುಚ್ಚಿಸಲಿಲ್ಲ. ಅವನು ಶಾಲೆಯಲ್ಲಿ ಪಿಯಾನೊ ನುಡಿಸಿದ, ವಿಯೋಲ ನುಡಿಸಿದ. 1930ರ ಮಾರ್ಚ್‌ನಲ್ಲಿ ಶಾಲೆಯ ಸಂಗೀತ ಕಚೇರಿಯಲ್ಲಿ ಅವನದೇ ಒಂದು ಸಣ್ಣ ಕೃತಿಯನ್ನು ನುಡಿಸಿದರು. ವಯಲಿನ್, ವಿಯೋಲ, ಪಿಯಾನೊ. ವಿಯೋಲ ಹಿಡಿದವನು ಬ್ರಿಟ್ಟನ್. ಪಿಯಾನೊ ಮುಂದೆ ಕೂತವರು ಗ್ರೇಟರೆಕ್ಸ್ ಅವರೇ. ತಮಗೆ ಹಿಡಿಸದ ಬಗೆಯ ಸಂಗೀತವನ್ನು ಬರೆಯುವ ಹದಿನಾರರ ಹುಡುಗನ ಕೃತಿಗೆ ಐವತ್ತು ದಾಟಿದ ಮುಖ್ಯಸ್ಥರು ತಾವೇ ಪಿಯಾನೊ ನುಡಿಸಿದರು. ಇದನ್ನು ನಾನು ಸಣ್ಣ ಮಾತು ಎಂದುಕೊಳ್ಳುವುದಿಲ್ಲ. ಎಷ್ಟೋ ಒಳ್ಳೆಯ ಹೆಸರಿನ ಶಿಕ್ಷಕರು ಅಷ್ಟನ್ನೂ ಮಾಡುವುದಿಲ್ಲ.

ಅದೇ ಜೂನ್‌ನಲ್ಲಿ ಬ್ರಿಟ್ಟನ್ ಲಂಡನ್ನಿಗೆ ಹೋಗಿ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನ ವಿದ್ಯಾರ್ಥಿವೇತನ ಪರೀಕ್ಷೆ ಬರೆದ. ಪರೀಕ್ಷಕರಲ್ಲಿ ಹೆಸರಾಂತ ರಚನಕಾರರಾದ ವಾನ್ ವಿಲಿಯಮ್ಸ್ ಮತ್ತು ಜಾನ್ ಐರ್ಲೆಂಡ್ ಇದ್ದರು. ಗೆದ್ದ. ಶಾಲೆಗೆ ಮರಳಿ ಜುಲೈನಲ್ಲಿ ಕಾಯಿಲೆ ಬಿದ್ದು ಶಾಲೆಯ ಆರೋಗ್ಯ ಕೋಣೆಯಲ್ಲಿ ಮಲಗಿದ್ದಾಗ 'ಎ ಹಿಮ್ ಟು ದ ವರ್ಜಿನ್' ಎಂಬ ವೃಂದಗಾನ ಬರೆದ.

ಆ ಪುಟ್ಟ ಕೃತಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಸಾಹಿತ್ಯ ಸುಮಾರು 1300ರ ಕಾಲದ್ದು. ಮೇರಿಯ ಸ್ತುತಿ. ಒಂದು ಸಾಲು ಇಂಗ್ಲಿಷ್, ಮುಂದಿನದು ಲ್ಯಾಟಿನ್. ನಮ್ಮ ಮಣಿಪ್ರವಾಳದ ಹಾಗೆ ಎರಡು ಭಾಷೆ ಒಂದೇ ದಾರದಲ್ಲಿ. ಬ್ರಿಟ್ಟನ್ ಇದಕ್ಕೆ ಎರಡು ವೃಂದ ಇಟ್ಟ. ದೊಡ್ಡ ವೃಂದ ಇಂಗ್ಲಿಷ್ ಸಾಲು ಹಾಡುತ್ತದೆ. ದೂರದಲ್ಲಿ ನಿಂತ ಸಣ್ಣ ಗುಂಪು ಲ್ಯಾಟಿನ್ ಸಾಲಿನಿಂದ ಉತ್ತರ ಕೊಡುತ್ತದೆ. ಜನ ಮಾತಾಡುವ ಭಾಷೆ ಹತ್ತಿರ, ಚರ್ಚಿನ ಭಾಷೆ ದೂರ. ಕೊನೆಯ ಚರಣದಲ್ಲಿ ಎರಡು ವೃಂದಗಳೂ ಒಂದರ ಮೇಲೊಂದು ಬೀಳುವಷ್ಟು ಹತ್ತಿರವಾಗುತ್ತವೆ. ಇದಕ್ಕೆ ಸ್ಟ್ರಾವಿನ್‌ಸ್ಕಿಯ ಹುಚ್ಚು ಬೇಕಿಲ್ಲ. ಬೇಕಾಗಿರುವುದು ವಾರ ವಾರ ಪ್ರಾರ್ಥನಾ ಮಂದಿರದಲ್ಲಿ ಕೂತು ವೃಂದದ ದನಿ ಹೇಗೆ ಹರಡುತ್ತದೆ ಎಂದು ಕೇಳಿದ ಕಿವಿ. ಆ ಕಿವಿ ಪಳಗಲು ಗ್ರೇಟರೆಕ್ಸ್ ನಡೆಸುತ್ತಿದ್ದ ಮಂದಿರವೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಬ್ರಿಟ್ಟನ್ ಹೀಗೆ ಹೇಳಿಲ್ಲ, ಇದು ನನ್ನ ಓದು. 1976ರಲ್ಲಿ ಅವನ ಅಂತ್ಯಸಂಸ್ಕಾರದಲ್ಲಿ ಹಾಡಿದ ಕೃತಿಗಳಲ್ಲಿ ಇದೂ ಒಂದು.

ಇನ್ನೊಂದು ತಿರುವು 1935ರಲ್ಲಿ ಬಂತು. ಲಂಡನ್ನಿನಲ್ಲಿ ಅಂಚೆ ಇಲಾಖೆಯ ಸಾಕ್ಷ್ಯಚಿತ್ರ ಘಟಕದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟ್ಟನ್‌ಗೆ ಆಡೆನ್ ಸಿಕ್ಕ. ಒಬ್ಬ ಬರೆದ, ಇನ್ನೊಬ್ಬ ಸಂಗೀತ ಕೊಟ್ಟ. ರಾತ್ರಿ ಓಡುವ ಅಂಚೆ ರೈಲಿನ ಚಿತ್ರದಿಂದ ಹಿಡಿದು ಅಮೆರಿಕದಲ್ಲಿ 1941ರಲ್ಲಿ ರಂಗಕ್ಕೆ ಬಂದ ಒಪೆರಾದವರೆಗೆ ಜೊತೆಯಾಗಿ ದುಡಿದರು. ಒಂದೇ ಮೇಷ್ಟ್ರ ಕೈಕೆಳಗೆ ಒಬ್ಬ ಸಂತೋಷದಿಂದ, ಒಬ್ಬ ಸಿಟ್ಟಿನಿಂದ ಕಲಿತವರು. ಇಂದು ಗ್ರೆಶಮ್ಸ್‌ನ ನಾಟಕ ಮಂದಿರಕ್ಕೆ ಆಡೆನ್ ಹೆಸರಿದೆ, ಸಂಗೀತ ಕಟ್ಟಡಕ್ಕೆ ಬ್ರಿಟ್ಟನ್ ಹೆಸರಿದೆ. 1970ರ ದಶಕದಿಂದ ಹುಡುಗಿಯರೂ ಅಲ್ಲಿ ಓದುತ್ತಿದ್ದಾರೆ.

ಈಗ ಆಗಿದ್ದರೆ

ಇಂಗ್ಲೆಂಡಿನ ದೊಡ್ಡ ವಸತಿ ಶಾಲೆಗಳಲ್ಲಿ ಈಗ ಈ ಕೆಲಸವನ್ನು ಎರಡಾಗಿ ಸೀಳಿದ್ದಾರೆ. ಸಂಗೀತ ನಿರ್ದೇಶಕರು ಒಬ್ಬರು. ವೃಂದ, ವಾದ್ಯಗೋಷ್ಠಿ, ಪ್ರಾರ್ಥನಾ ಮಂದಿರ, ಕಚೇರಿ ಅವರ ಕಡೆ. ಸಂಗೀತ ವ್ಯಾಸಂಗದ ಮುಖ್ಯಸ್ಥರು ಇನ್ನೊಬ್ಬರು. ತರಗತಿ, ಸಿಲಬಸ್, ಪರೀಕ್ಷೆ, ವಿಶ್ವವಿದ್ಯಾಲಯಕ್ಕೆ ಹೋಗುವವರ ತಯಾರಿ ಇವರ ಕಡೆ. ಇದು ಬರೀ ಆಡಳಿತದ ಅನುಕೂಲ ಎಂದು ನಾನು ಮೊದಲು ಭಾವಿಸಿದ್ದೆ. ಗ್ರೆಶಮ್ಸ್ ಕಥೆ ಓದಿದ ಮೇಲೆ ಇದರ ಬೆಲೆ ಗೊತ್ತಾಯಿತು. ಆರ್ಗನ್ ಮುಂದೆ ದೊಡ್ಡವರಾದವರು ಹುಡುಗನ ನೋಟ್‌ಬುಕ್ ಮುಂದೆಯೂ ದೊಡ್ಡವರಾಗಬೇಕೆಂದಿಲ್ಲ. ಒಬ್ಬರಲ್ಲೇ ಎರಡೂ ಇದ್ದರೆ ಪುಣ್ಯ. ಇರಲೇಬೇಕು ಎಂದು ಶಾಲೆ ನಡೆಸಲಾಗುವುದಿಲ್ಲ.

ದೊಡ್ಡ ಬದಲಾವಣೆ ಬಂದದ್ದು ಪರೀಕ್ಷೆಯಲ್ಲಿ. 1988ರಲ್ಲಿ ಮೊದಲ ಸಲ ನಡೆದ ಜಿಸಿಎಸ್‌ಇ ಪರೀಕ್ಷೆ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ವಯಸ್ಸಿನವರ ಪರೀಕ್ಷೆ, ಸಂಗೀತವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿತು. ನುಡಿಸುವುದು, ರಚಿಸುವುದು, ಕೇಳುವುದು. ರಚನೆ ಎಲ್ಲರಿಗೂ ಕಡ್ಡಾಯವಾಯಿತು. 2016ರಿಂದ ಜಾರಿಗೆ ಬಂದ ಸಿಲಬಸ್‌ನಲ್ಲಿ ನುಡಿಸುವುದಕ್ಕೆ 30 ಶೇಕಡ, ರಚನೆಗೆ 30, ಕೇಳಿ ವಿವರಿಸುವ ಬರವಣಿಗೆ ಪರೀಕ್ಷೆಗೆ 40. ಹುಡುಗ ಎರಡು ಕೃತಿ ಬರೆಯಲೇಬೇಕು. ಅಂದರೆ ಹುಡುಗ ಬರೆದದ್ದನ್ನು ಯಾರಾದರೂ ಓದಲೇಬೇಕು. ಗ್ರೇಟರೆಕ್ಸ್ ಕಾಲದಲ್ಲಿ ಇಲ್ಲದ್ದು ಇದೇ. ಇಂದಿನ ಮುಖ್ಯಸ್ಥರಿಗೆ ಸ್ಟ್ರಾವಿನ್‌ಸ್ಕಿ ಹಿಡಿಸದಿದ್ದರೂ ಹುಡುಗನ ಹಾಳೆಯನ್ನು ಪಕ್ಕಕ್ಕೆ ಸರಿಸುವಂತಿಲ್ಲ.

ರುಚಿಯ ಬಾಗಿಲೂ ಅಗಲವಾಗಿದೆ. ಎಡೆಕ್ಸೆಲ್ ಎಂಬ ಪರೀಕ್ಷಾ ಮಂಡಳಿಯ ಅದೇ ಸಿಲಬಸ್‌ನಲ್ಲಿ ಬಾಖ್ ಮತ್ತು ಬೆಥೋವನ್ ಪಕ್ಕದಲ್ಲೇ ಕ್ವೀನ್ ತಂಡದ ರಾಕ್ ಹಾಡೂ ಸಿನಿಮಾ ಸಂಗೀತವೂ ಇವೆ. ಎರಡು ವರ್ಷದ ನಂತರದ ಎ-ಲೆವೆಲ್ ಮಟ್ಟದಲ್ಲಿ ಅನುಷ್ಕಾ ಶಂಕರ್ ಅವರ ಸಿತಾರ್ ಇರುವ ಕೃತಿಗಳೂ ಪಾಠಕ್ಕಿವೆ. ನಾರ್ಫೋಕ್‌ನಲ್ಲೋ ಯಾರ್ಕ್‌ಷೈರ್‌ನಲ್ಲೋ ಕೂತ ಮೇಷ್ಟ್ರು ರಾಗ ಎಂದರೇನು ಎಂದು ವಿವರಿಸಬೇಕು. ತಮಗೆ ಬಾರದ್ದನ್ನು ಕಲಿತು ಕಲಿಸಬೇಕು. ಇಂಗ್ಲೆಂಡಿನಲ್ಲಿ ಓದುವ ನಮ್ಮ ಕಡೆಯ ಹುಡುಗನೊಬ್ಬ ಮನೆಯಲ್ಲಿ ಕಲಿತ ಸಂಗೀತವನ್ನು ತರಗತಿಗೆ ತಂದರೆ ಅದನ್ನು ಒಳಗೆ ಬಿಟ್ಟುಕೊಳ್ಳುವ ಜಾಗ ಈಗ ಇದೆ.

ಆದರೆ ಪರೀಕ್ಷೆ ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದಲ್ಲ. ಹುಡುಗರ ಶಾಲೆಗೇ ಅಂಟಿಕೊಂಡ ಒಂದು ತೊಡಕು ಹಾಗೇ ಇದೆ. ಇಂಥ ಶಾಲೆಗಳಿಗೆ ಹುಡುಗರು ಸೇರುವುದು ಸಾಮಾನ್ಯವಾಗಿ ಹದಿಮೂರಕ್ಕೆ. ಧ್ವನಿ ಒಡೆಯುವುದೂ ಆಗಲೇ. ಹಿಂದಿನ ಶಾಲೆಯಲ್ಲಿ ಎತ್ತರದ ದನಿಯಲ್ಲಿ ಹಾಡಿ ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡ ಹುಡುಗ, ಇಲ್ಲಿಗೆ ಬಂದ ಮೊದಲ ವರ್ಷವೇ ಬಾಯಿ ಬಿಟ್ಟರೆ ದನಿ ಎಲ್ಲೋ ಹಾರುತ್ತದೆ. ಪಕ್ಕದವರು ನಗುತ್ತಾರೆ. ಸಂಗೀತ ನನ್ನದಲ್ಲ ಎಂದು ಅವನು ಅಲ್ಲೇ ತೀರ್ಮಾನ ಮಾಡುತ್ತಾನೆ. ಯಾವ ವಿಷಯಗಳನ್ನು ಮುಂದಕ್ಕೆ ಓದಬೇಕು ಎಂದು ಆರಿಸಿಕೊಳ್ಳುವುದೂ ಅದೇ ವರ್ಷ! ಅಮೆರಿಕದ ಜಾನ್ ಕುಕ್ಸಿ ಎಂಬ ಸಂಶೋಧಕರು ಹುಡುಗರ ಧ್ವನಿ ಒಮ್ಮೆಗೇ ಮುರಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ ಎಂದು ತೋರಿಸಿದರು. ಪ್ರತಿ ಮೆಟ್ಟಿಲಿನಲ್ಲೂ ಹಾಡಬಲ್ಲ ಒಂದಿಷ್ಟು ಸ್ವರಗಳು ಇರುತ್ತವೆ. ಮೇಷ್ಟ್ರು ಅಷ್ಟರ ಒಳಗೆ ಅವನಿಗೊಂದು ಸಾಲು ಬರೆದುಕೊಟ್ಟರೆ ಹುಡುಗ ಉಳಿಯುತ್ತಾನೆ. ಅದು ಹತ್ತು ನಿಮಿಷದ ಕೆಲಸ. ಎಷ್ಟೋ ಕಡೆ ಅದನ್ನು ಮಾಡುವುದಿಲ್ಲ, ವೃಂದಕ್ಕೆ ಆಗದವನು ಎಂದು ಕಳಿಸಿಬಿಡುತ್ತಾರೆ. ನನಗೆ ತುಂಬ ಬೇಸರ ತರುವ ಸಂಗತಿ ಇದು.

ವಾದ್ಯ ಪಾಠದ ವೇಳೆಯೂ ಹಾಗೇ. ವಾದ್ಯ ಕಲಿಯಲು ಹುಡುಗ ಬೇರೆ ತರಗತಿಯಿಂದ ಎದ್ದು ಹೋಗಬೇಕು. ಪ್ರತಿ ವಾರ ಅದೇ ಗಣಿತದ ಪೀರಿಯಡ್ ತಪ್ಪಿದರೆ ಗಣಿತದ ಮೇಷ್ಟ್ರಿಗೆ ಸಿಟ್ಟು. ಅದಕ್ಕೇ ವಾರ ವಾರ ವೇಳೆ ಸರಿಸುತ್ತಾ ಹೋಗುವ ಪದ್ಧತಿ ಇದೆ. ಅಭ್ಯಾಸದ ಕೋಣೆಯ ವೇಳೆ ಆಟದ ಜೊತೆ, ಸಂಜೆಯ ಓದಿನ ಜೊತೆ ಜಗಳವಾಡುತ್ತಲೇ ಇರುತ್ತದೆ. ಹೊರಗಿನವರಿಗೆ ಇದು ಗುಮಾಸ್ತಿಕೆ ಅನ್ನಿಸಬಹುದು. ಒಳಗಿನವರಿಗೆ ಗೊತ್ತು, ವಿಭಾಗ ಉಳಿಯುವುದೂ ಬೀಳುವುದೂ ಇಲ್ಲೇ.

ಗ್ರೇಟರೆಕ್ಸ್ ಕುರ್ಚಿಯಲ್ಲಿ ನಾನಿದ್ದರೆ ಏನು ಮಾಡಬೇಕಿತ್ತು ಎಂದು ಯೋಚಿಸಿದ್ದೇನೆ. ರಚನೆಯ ಪಾಠ ಶುರು ಮಾಡಬೇಕಾಗಿರಲಿಲ್ಲ. ಹುಡುಗನಿಗೆ ಬ್ರಿಜ್ ಇದ್ದರು, ಅವರಿಗಿಂತ ಒಳ್ಳೆಯ ಗುರು ಆಗ ಇಂಗ್ಲೆಂಡಿನಲ್ಲಿ ಸಿಗುವುದು ಕಷ್ಟ. ಮೊದಲ ವಾರ ಅವನನ್ನು ಕೂರಿಸಿಕೊಂಡು, ನೀನು ಬರೆದದ್ದನ್ನು ತೋರಿಸು ಎಂದರೆ ಸಾಕಿತ್ತು. ಆ ಫ್ರೆಂಚ್ ಹಾಡುಗಳ ಹಾಳೆ ನೋಡಿದ ಯಾವ ಸಂಗೀತಗಾರನಿಗೂ ಮುಂದಿನದು ತಾನಾಗಿ ತಿಳಿಯುತ್ತಿತ್ತು. ಬ್ರಿಜ್ ಅವರಿಗೆ ಕಾಗದ ಬರೆಯಬಹುದಿತ್ತು. ಈ ಟರ್ಮ್‌ನಲ್ಲಿ ಹುಡುಗ ಏನು ಬರೆಯಬೇಕು ಎಂದು ಅವರನ್ನೇ ಕೇಳಿ, ಬರೆಯಲು ದಿನಕ್ಕೊಂದು ಗಂಟೆಯನ್ನೂ ಒಂದು ಕೋಣೆಯನ್ನೂ ಗೊತ್ತು ಮಾಡಿಕೊಡಬಹುದಿತ್ತು. ಪಿಯಾನೊ ಪಾಠ ಇಬ್ಬರಿಗೂ ಕಿರಿಕಿರಿ ಆಗುತ್ತಿದ್ದರೆ ಅದನ್ನು ಇನ್ನೊಬ್ಬ ಸಹಾಯಕ ಶಿಕ್ಷಕರಿಗೆ ಬಿಡಬಹುದಿತ್ತು. ಮಾರ್ಚ್ 1930ರ ಆ ಕಚೇರಿಯನ್ನು ಮೊದಲ ವರ್ಷವೇ ಮಾಡಬಹುದಿತ್ತು. ಇದ್ಯಾವುದಕ್ಕೂ ಸ್ಟ್ರಾವಿನ್‌ಸ್ಕಿಯನ್ನು ಮೆಚ್ಚಬೇಕಾಗಿರಲಿಲ್ಲ.